ವಸಡಿನ ರಕ್ತಕ್ಕೂ ಕೀಲುನೋವಿಗೂ ನಂಟಿದೆಯೇ? ಇಬ್ಬರು ವೈದ್ಯರು, ಎರಡು ಮಾತು

ಗಂಟುಬೆರಳು:
ನನಗೆ ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಸಂಧಿವಾತ) ಇದೆಯೆಂದು ಗೊತ್ತಾಗಿ ಕೆಲವು ವರ್ಷಗಳಾದವು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ನುಂಗುತ್ತೇನೆ. ಕಾಯಿಲೆ ಹಿಡಿತಕ್ಕೆ ಬರುತ್ತಿಲ್ಲ, ರೋಗನಿರೋಧಕ ವ್ಯವಸ್ಥೆಯ ಆರ್ಭಟ ತಗ್ಗಿಸುವ ಬಯಾಲಜಿಕ್ ಚುಚ್ಚುಮದ್ದು ಶುರು ಮಾಡೋಣ ಎಂದು ಕೀಲುರೋಗ ತಜ್ಞರು ಹೇಳಿದರು. ಅದಕ್ಕೂ ಮೊದಲು ಹಲ್ಲು ತೋರಿಸಿಕೊಂಡು ಬನ್ನಿ ಎಂದರು. ಹೋದೆ. ದಂತವೈದ್ಯರು ವಸಡು ನೋಡಿದವರೇ, "ನಿಮ್ಮ ಕೀಲುನೋವಿಗೆಲ್ಲ ಇದೇ ಮೂಲ. ಇದು ಸರಿಹೋದರೆ ಅರ್ಧ ಕಾಯಿಲೆ ಹೋದಂತೆ" ಎಂದುಬಿಟ್ಟರು. ಈ ಮಾತನ್ನು ಕೀಲುತಜ್ಞರ ಕಿವಿಗೆ ಹಾಕಿದರೆ ಅವರು ನಕ್ಕು, "ಅದೆಲ್ಲ ಅತಿಮಾತು, ಬಾಯಲ್ಲಿ ಸೋಂಕಿಲ್ಲವೆಂದು ಒಂದು ಚೀಟಿ ತನ್ನಿ ಸಾಕು" ಎಂದರು. ದಂತವೈದ್ಯರು ಚೀಟಿ ಕೊಡಲು ಒಲ್ಲರು. ಒಂದು ಹಲ್ಲು ಕೀಳಬೇಕಂತೆ, ಕೀಳಲು ಕೀಲುತಜ್ಞರ ಒಪ್ಪಿಗೆ ಬೇಕಂತೆ. ನಡುವೆ ಅಲೆಯುವವನು ನಾನು.

ನಿಜಕ್ಕೂ ವಸಡಿಗೂ ಈ ಕಾಯಿಲೆಗೂ ಸಂಬಂಧವಿದೆಯೇ? ಇದ್ದರೆ ಯಾವುದರಿಂದ ಯಾವುದು? ಬೆಳಿಗ್ಗೆ ಬ್ರಷ್ ಮಾಡಿ ಉಗುಳಿದರೆ ಬೇಸಿನ್ ಕೆಂಪಾಗುತ್ತದೆ, ಅದೇ ಹೊತ್ತಿಗೆ ಬೆರಳು ಮಡಚಲು ಬರುವುದಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ರಾತ್ರಿಪಾಳಿ:
ಇಬ್ಬರೂ ಫೋನಿನಲ್ಲಿ ಎರಡು ನಿಮಿಷ ಮಾತನಾಡಿಕೊಂಡಿದ್ದರೆ ನೀವು ಇಲ್ಲಿ ಬರೆಯಬೇಕಾಗಿಯೇ ಇರಲಿಲ್ಲ.

ಸೂಕ್ಷ್ಮದರ್ಶಿನಿ:
ನಾನು ವೈದ್ಯೆಯಲ್ಲ, ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಸಂಬಂಧ ಖಂಡಿತ ಇದೆ. ಅದು ಹೇಗೆಂಬುದು ಸ್ವಾರಸ್ಯಕರವಾಗಿದೆ, ತಾಳ್ಮೆಯಿಂದ ಓದಿ.

ನಿಮಗೆ ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಮಾಡಿಸಿರುತ್ತಾರೆ. ನಮ್ಮ ಪ್ರೋಟೀನುಗಳಲ್ಲಿ ಆರ್ಜಿನಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಕೆಲವು ಕಿಣ್ವಗಳು ಅದನ್ನು ಸಿಟ್ರುಲಿನ್ ಆಗಿ ಬದಲಿಸುತ್ತವೆ. ಹೀಗೆ ರೂಪ ಬದಲಿಸಿದ ಸ್ವಂತ ಪ್ರೋಟೀನನ್ನೇ ಶತ್ರುವೆಂದು ಬಗೆದು ದೇಹ ಪ್ರತಿಕಾಯ ತಯಾರಿಸತೊಡಗುತ್ತದೆ. ಆ ಪರೀಕ್ಷೆ ಹುಡುಕುವುದು ಈ ಪ್ರತಿಕಾಯಗಳನ್ನೇ. ಇನ್ನು ವಸಡಿನ ಸಂಗತಿ. ತೀವ್ರ ವಸಡುರೋಗದಲ್ಲಿ ಹಲ್ಲು ಮತ್ತು ವಸಡಿನ ನಡುವಿನ ಸಂದಿಯಲ್ಲಿ ಪೋರ್ಫಿರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಬೀಡುಬಿಟ್ಟಿರುತ್ತದೆ. ಪ್ರೋಟೀನಿನಲ್ಲಿ ಇದೇ ಬದಲಾವಣೆ ಮಾಡಬಲ್ಲ ಸ್ವಂತ ಕಿಣ್ವ ಅದರ ಬಳಿಯೇ ಇದೆ! ಬ್ಯಾಕ್ಟೀರಿಯಾಗಳಲ್ಲಿ ಇದು ತೀರಾ ಅಪರೂಪ. ಅಗ್ರಿಗೇಟಿಬ್ಯಾಕ್ಟರ್ ಎಂಬ ಇನ್ನೊಂದಿದೆ. ಅದು ತನ್ನ ವಿಷದಿಂದ ನಮ್ಮ ಬಿಳಿ ರಕ್ತಕಣಗಳನ್ನು ಕೆಣಕಿ, ಅವುಗಳ ಕೈಯಿಂದಲೇ ಈ ಕೆಲಸ ಮಾಡಿಸುತ್ತದೆಂದು 2016ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ ತೋರಿಸಿತು.

ಪ್ರತಿಕಾಯಗಳು ಕೀಲು ಊದಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳಬಲ್ಲವು. ಹಾಗಾದರೆ ಈ ಜಗಳ ಮೊದಲು ಶುರುವಾದದ್ದು ಕೀಲಿನಲ್ಲಿ ಅಲ್ಲ, ಬೇರೆಲ್ಲೋ. ಆ ಬೇರೆಡೆ ವಸಡು ಇರಬಹುದು, ಶ್ವಾಸಕೋಶ ಇರಬಹುದು, ಕರುಳೂ ಇರಬಹುದು.

ಮುಂಗೋಪಿ:
"ಇರಬಹುದು" ಎಂಬ ಪದವನ್ನು ದಪ್ಪಕ್ಷರದಲ್ಲಿ ಬರೆಯಬೇಕಿತ್ತು. ವಸಡುರೋಗ ಇರುವ ಬಹುಪಾಲು ಜನರಿಗೆ ರುಮಟಾಯ್ಡ್ ಬರುವುದೇ ಇಲ್ಲ. ವಸಡು ಗಟ್ಟಿಯಾಗಿರುವವರಿಗೂ ರುಮಟಾಯ್ಡ್ ಬರುತ್ತದೆ. ಧೂಮಪಾನ ಎರಡಕ್ಕೂ ಕಾರಣ, ಎರಡೂ ಒಟ್ಟಿಗೆ ಕಾಣಿಸಲು ಅಷ್ಟೇ ಸಾಕು. ಆನುವಂಶಿಕತೆ ಬೇರೆ ಇದೆ. ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ತಾಯಿಯಾಗುವುದಿಲ್ಲ. "ಇದೇ ಮೂಲ" ಎಂದ ದಂತವೈದ್ಯರದು ಶುದ್ಧ ಉತ್ಪ್ರೇಕ್ಷೆ.

ಸೂಕ್ಷ್ಮದರ್ಶಿನಿ:
ಮೂಲ ಎಂದು ನಾನೂ ಹೇಳಲಿಲ್ಲವಲ್ಲ ಮುಂಗೋಪಿಯವರೇ. ಆದರೆ "ಬರೀ ಜೊತೆಯಲ್ಲಿ ಕಂಡದ್ದು" ಎಂದು ತಳ್ಳಿಹಾಕುವ ಕಾಲವೂ ದಾಟಿತು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರುಮಟಾಯ್ಡ್ ರೋಗಿಗಳ ರಕ್ತವನ್ನು ವಾರವಾರವೂ ಬೆರಳು ಚುಚ್ಚಿ ಸಂಗ್ರಹಿಸಿ ನೋಡಿದರು. ವಸಡುರೋಗವೂ ಇದ್ದವರ ರಕ್ತದಲ್ಲಿ ಬಾಯಿಯ ಬ್ಯಾಕ್ಟೀರಿಯಾ ಮತ್ತೆಮತ್ತೆ ಸಿಕ್ಕಿತು. ಆ ರೋಗಿಗಳ ಪ್ರತಿಕಾಯಗಳು ಸಿಟ್ರುಲಿನ್ ಹೊತ್ತ ಆ ಬ್ಯಾಕ್ಟೀರಿಯಾಗಳನ್ನೂ ಗುರುತಿಸುತ್ತಿದ್ದವು. ಅಂದರೆ ಹರಿದ ವಸಡಿನಿಂದ ರಕ್ತಕ್ಕೆ ನುಸುಳುವ ಬ್ಯಾಕ್ಟೀರಿಯಾ ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿರುವ ಸಾಧ್ಯತೆ ಗಟ್ಟಿಯಾಗಿಯೇ ಇದೆ.

ಮುಂಗೋಪಿ:
ಸರಿ, ವಸಡಿಗೆ ಚಿಕಿತ್ಸೆ ಕೊಟ್ಟರೆ ಕೀಲು ವಾಸಿಯಾಗುತ್ತದೆಯೇ? ಕೆಲವು ಸಣ್ಣ ಪ್ರಯೋಗಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿತು, ಇನ್ನು ಕೆಲವದರಲ್ಲಿ ಏನೂ ಇಲ್ಲ. ಗಂಟುಬೆರಳು ಅವರಿಗೆ ಬೇಕಾದ ಉತ್ತರ ಇದು. ಹಲ್ಲು ಸ್ವಚ್ಛ ಮಾಡಿಸಿಕೊಂಡೆನೆಂದು ಮೆಥೊಟ್ರೆಕ್ಸೇಟ್ ಬಿಡಬೇಡಿ.

ದಂತಪಂಕ್ತಿ:
ನಾನು ದಂತವೈದ್ಯೆ, ವಸಡಿನ ಚಿಕಿತ್ಸೆಯೇ ನನ್ನ ವಿಭಾಗ. ನನ್ನ ಸಹೋದ್ಯೋಗಿ "ಅರ್ಧ ಕಾಯಿಲೆ ಹೋಯಿತು" ಎಂದದ್ದನ್ನು ಸಮರ್ಥಿಸುವುದಿಲ್ಲ. ಆದರೆ "ಒಂದು ಚೀಟಿ ಸಾಕು" ಎಂಬ ಮಾತು ನನಗೆ ಅದಕ್ಕಿಂತ ಹೆಚ್ಚು ಸಿಟ್ಟು ಬರಿಸುತ್ತದೆ. ಬಾಯನ್ನು ದೇಹದಿಂದ ಬೇರ್ಪಟ್ಟ ಅಂಗವೆಂಬಂತೆ ನೋಡುವುದು ಇಲ್ಲಿಂದಲೇ ಶುರುವಾಗುತ್ತದೆ.

ಗಂಟುಬೆರಳು ಅವರೇ, ಒಂದು ಪ್ರಶ್ನೆ. ಮಿಲಿಮೀಟರ್ ಗುರುತುಗಳಿರುವ ತೆಳುವಾದ ಕಡ್ಡಿಯೊಂದನ್ನು ವಸಡಿನ ಅಂಚಿನೊಳಗೆ ಮೆಲ್ಲಗೆ ಇಳಿಸಿ, ಒಂದೊಂದು ಹಲ್ಲಿನ ಸುತ್ತಲೂ ಆರು ಕಡೆ ಅಳೆದರೇ? ಅಳೆಯುವವರು "ಎರಡು, ಮೂರು, ಎರಡು, ಐದು, ಆರು" ಎಂದು ಹೇಳುತ್ತಾ ಹೋಗುತ್ತಾರೆ, ಸಹಾಯಕರು ಬರೆದುಕೊಳ್ಳುತ್ತಾರೆ. ಮೂರರವರೆಗೆ ಚಿಂತೆಯಿಲ್ಲ. ನಾಲ್ಕು ದಾಟಿದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಜೇಬಿನಂತಾಗಿದೆ ಎಂದು ಅನುಮಾನಿಸಬೇಕು. ಅಲ್ಲಿಗೆ ನಿಮ್ಮ ಬ್ರಷ್ ತಲುಪುವುದಿಲ್ಲ, ಎಷ್ಟು ಉಜ್ಜಿದರೂ ಅಷ್ಟೇ. ಈ ಅಳತೆಯೂ ಎಕ್ಸ್-ರೇಯೂ ಇಲ್ಲದೆ ಬರೀ ಕಣ್ಣಿನಲ್ಲಿ ನೋಡಿ ಹೇಳಿದ್ದಾದರೆ ಮತ್ತೊಮ್ಮೆ ಸರಿಯಾಗಿ ತೋರಿಸಿಕೊಳ್ಳಿ.

ಇನ್ನೊಂದು ಮಾತು, ಧೂಮಪಾನ ಮಾಡುವವರಿಗೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ವಸಡಿನಲ್ಲಿ ರಕ್ತ ಅಷ್ಟಾಗಿ ಬರುವುದಿಲ್ಲ. ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ಎಲ್ಲವೂ ಚೆನ್ನಾಗಿರುವಂತೆ ಕಾಣುತ್ತದೆ. ಬಿಟ್ಟ ಮೇಲೆ ರಕ್ತ ಜಿನುಗತೊಡಗಿದರೆ ಗಾಬರಿಯಾಗಿ ಮತ್ತೆ ಹಚ್ಚಬೇಡಿ!

ಗಂಟುಬೆರಳು:
ಕಡ್ಡಿ ಇಳಿಸಲಿಲ್ಲ. ಕನ್ನಡಿ ಹಿಡಿದು ನೋಡಿದರು, ಅಷ್ಟೇ. ಧೂಮಪಾನ ಇಲ್ಲ.

ಒಣನಾಲಿಗೆ:
ಎಲ್ಲರೂ ರುಮಟಾಯ್ಡ್ ಸುತ್ತಲೇ ಸುತ್ತುತ್ತಿದ್ದೀರಿ. ಶೋಗ್ರೆನ್ ಕಾಯಿಲೆಯವರ ಕಥೆ ಕೇಳಿ. ನಮ್ಮಲ್ಲಿ ನಂಟನ್ನು ಹುಡುಕಬೇಕಾಗಿಯೇ ಇಲ್ಲ, ಕಾಯಿಲೆ ನೇರವಾಗಿ ಲಾಲಾಗ್ರಂಥಿಗೇ ಕೈಹಾಕುತ್ತದೆ. ಜೊಲ್ಲು ಎಂದರೆ ಏನೋ ಹೊಲಸು ಎಂಬಂತೆ ಮಾತನಾಡುತ್ತೇವೆ. ಆರೋಗ್ಯವಂತರ ಬಾಯಿಗೆ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಬರುತ್ತದೆ. ಆಮ್ಲವನ್ನು ತಣಿಸುವುದು ಅದು, ಎನಾಮೆಲ್‌ಗೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮರಳಿ ಕೊಡುವುದು ಅದು, ಶಿಲೀಂಧ್ರವನ್ನು ಹದ್ದುಬಸ್ತಿನಲ್ಲಿ ಇಡುವುದೂ ಅದೇ. ಅದು ನಿಂತರೆ ಹಲ್ಲು ಹುಳುಕಾಗುವ ರೀತಿಯೇ ಬೇರೆ. ಸಾಮಾನ್ಯವಾಗಿ ಹುಳುಕು ಬೀಳುವುದು ಅಗಿಯುವ ಹಲ್ಲಿನ ಗೆರೆಗಳಲ್ಲಿ, ಎರಡು ಹಲ್ಲುಗಳ ನಡುವೆ. ನನಗೆ ವಸಡಿನ ಅಂಚಿನಲ್ಲಿ, ಹಲ್ಲಿನ ಬುಡದ ಸುತ್ತ ಕಂದು ಪಟ್ಟಿಯಂತೆ ಬಂತು. ಮುಂದಿನ ಹಲ್ಲುಗಳ ತುದಿಯಲ್ಲೂ ಬಂತು. "ಸಿಹಿ ತಿನ್ನುವುದು ಕಡಿಮೆ ಮಾಡಿ, ಸರಿಯಾಗಿ ಉಜ್ಜಿ" ಎಂದು ಬೈದು ಕಳುಹಿಸಿದ ದಂತವೈದ್ಯರು ಒಬ್ಬಿಬ್ಬರಲ್ಲ. ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತದೆ, ಒಣ ತಿನಿಸು ನೀರಿಲ್ಲದೆ ಗಂಟಲಿಗೆ ಇಳಿಯುವುದಿಲ್ಲ ಎಂದು ನಾನು ಹೇಳುತ್ತಿದ್ದರೂ ಯಾರೂ ಕಿವಿಗೊಡಲಿಲ್ಲ.

ಕೊನೆಗೆ ಒಬ್ಬ ಯುವ ದಂತವೈದ್ಯೆ ಬಾಯೊಳಗಿನ ಕನ್ನಡಿ ನನ್ನ ಕೆನ್ನೆಯ ಒಳಭಾಗಕ್ಕೆ ಅಂಟಿಕೊಂಡದ್ದನ್ನು ಗಮನಿಸಿ, "ಕಣ್ಣೂ ಉರಿಯುತ್ತದೆಯೇ?" ಎಂದು ಕೇಳಿದಳು. ಆ ಒಂದು ಪ್ರಶ್ನೆಯಿಂದ ಕಾಯಿಲೆ ಗೊತ್ತಾಯಿತು.

ಪುಟ್ಟಹೆಜ್ಜೆ:
ಒಣನಾಲಿಗೆ ಅವರೇ, ತುಟಿಯ ಬಯಾಪ್ಸಿ ಮಾಡಿಸಿದ್ದೀರಾ? ನನ್ನ ಅಕ್ಕನಿಗೆ ಹೇಳಿದ್ದಾರೆ, ಬಹಳ ಹೆದರಿದ್ದಾಳೆ.

ಒಣನಾಲಿಗೆ:
ಮಾಡಿಸಿದ್ದೇನೆ. ಕೆಳತುಟಿಯ ಒಳಭಾಗ ಮರಗಟ್ಟುವಂತೆ ಚುಚ್ಚುಮದ್ದು ಕೊಟ್ಟು, ಸಣ್ಣದಾಗಿ ಕೊಯ್ದು, ಕಾಳಿನಷ್ಟು ಚಿಕ್ಕ ಗ್ರಂಥಿಗಳು ಕೆಲವನ್ನು ತೆಗೆದು ಹೊಲಿಗೆ ಹಾಕುತ್ತಾರೆ. ಚುಚ್ಚುವಾಗ ಚುರುಕ್ ಎನ್ನುತ್ತದೆ, ಮತ್ತೇನೂ ಗೊತ್ತಾಗುವುದಿಲ್ಲ. ಕೆಲವರಿಗೆ ಆ ಜಾಗ ಸ್ವಲ್ಪ ಕಾಲ ಮರಗಟ್ಟಿದಂತೆ ಉಳಿಯುವುದುಂಟು, ಅದನ್ನು ಮೊದಲೇ ಕೇಳಿಕೊಳ್ಳಲಿ. ರಕ್ತದಲ್ಲಿ ಆಂಟಿ-ರೋ ಪ್ರತಿಕಾಯ ಸಿಕ್ಕಿ, ಉಳಿದ ಲಕ್ಷಣಗಳೂ ಹೊಂದಿಕೆಯಾದರೆ ಕೆಲವೊಮ್ಮೆ ಬಯಾಪ್ಸಿಯೇ ಬೇಕಾಗುವುದಿಲ್ಲ.

ಮುಂಗೋಪಿ:
ಬಾಯಿ ಒಣಗಿದ ಎಲ್ಲರಿಗೂ ಶೋಗ್ರೆನ್ ಇರುವುದಿಲ್ಲ ಎಂದೂ ಸೇರಿಸಿ. ಅಲರ್ಜಿ ಮಾತ್ರೆ, ಖಿನ್ನತೆಯ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಇವೆಲ್ಲ ಬಾಯಿ ಒಣಗಿಸುತ್ತವೆ. ಇದನ್ನು ಓದಿದವರೆಲ್ಲ ನಾಳೆ ತುಟಿ ಕೊಯ್ಯಿಸಿಕೊಳ್ಳಲು ಸಾಲುಗಟ್ಟುವುದು ಬೇಡ.

ದಂತಪಂಕ್ತಿ:
ಮುಂಗೋಪಿಯವರು ಹೇಳಿದ್ದು ಸರಿ. ಅದಕ್ಕೇ ಅಳತೆ ಇರುವುದು. ಏನನ್ನೂ ಅಗಿಯದೆ ಸುಮ್ಮನೆ ಕೂತಾಗ ಬರುವ ಜೊಲ್ಲನ್ನು ಬಟ್ಟಲಿನಲ್ಲಿ ಸಂಗ್ರಹಿಸುತ್ತಾರೆ. ನಿಮಿಷಕ್ಕೆ 0.1 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶೋಗ್ರೆನ್ ಗುರುತಿಸುವ 2016ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದು ಲೆಕ್ಕಕ್ಕೆ ಬರುತ್ತದೆ.

ಈ ಕಾಯಿಲೆಗೂ ಕೀಲಿಗೂ ಇರುವ ನಂಟು ಹೊಸದಲ್ಲ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರ ತಮ್ಮ ಪ್ರಬಂಧದಲ್ಲಿ ಕಣ್ಣು ಒಣಗಿದ 19 ಮಹಿಳೆಯರನ್ನು ವಿವರಿಸಿದರು. ಅವರಲ್ಲಿ 13 ಮಂದಿಗೆ ಸಂಧಿವಾತವಿತ್ತು. ಗಂಟುಬೆರಳು ಅವರೂ ತಮಗೆ ಬಾಯಿ, ಕಣ್ಣು ಒಣಗುತ್ತದೆಯೇ ಎಂದು ಯೋಚಿಸಲಿ. ರುಮಟಾಯ್ಡ್ ಜೊತೆಗೆ ಇದೂ ಬರುವುದುಂಟು.

ಬಾಯಿ ಒಣಗುವವರು ಹುಳಿ ಮಿಠಾಯಿ ಚೀಪುವ ಅಭ್ಯಾಸ ಬಿಡಿ. ಆ ಹೊತ್ತಿಗೆ ಹಾಯೆನಿಸುತ್ತದೆ, ಆದರೆ ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ, ತಣಿಸಲು ನಿಮ್ಮಲ್ಲಿ ಜೊಲ್ಲಿಲ್ಲ. ಜೈಲಿಟಾಲ್ ಇರುವ ಸಕ್ಕರೆರಹಿತ ಚೂಯಿಂಗ್ ಗಮ್ ಒಳ್ಳೆಯದು. ಸಾಮಾನ್ಯ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000ದಿಂದ 1500 ಪಿಪಿಎಂ ಇರುತ್ತದೆ. ಇಂಥವರಿಗೆ 5000 ಪಿಪಿಎಂ ಇರುವುದನ್ನು ವೈದ್ಯರು ಬರೆದುಕೊಡುತ್ತಾರೆ. ಗ್ರಂಥಿಯಲ್ಲಿ ಇನ್ನೂ ಜೀವವಿದ್ದರೆ ಪೈಲೋಕಾರ್ಪಿನ್ ಮಾತ್ರೆಯಿಂದಲೂ ಜೊಲ್ಲು ಬರಿಸಬಹುದು. ಬೆವರೂ ಧಾರಾಳವಾಗಿ ಬರುತ್ತದೆ ಎನ್ನಿ.

ಹಸಿರುದಾರಿ:
ಇಷ್ಟೆಲ್ಲ ಮಾತನಾಡಿದಿರಿ, ನಿಜವಾದ ಕಾರಣವನ್ನು ಯಾರೂ ಮುಟ್ಟಲಿಲ್ಲ. ರೂಟ್ ಕೆನಾಲ್ ಮಾಡಿಸಿದ ಹಲ್ಲು ಸತ್ತ ಹಲ್ಲು. ಅದು ಒಳಗೇ ಕೊಳೆಯುತ್ತಾ ವಿಷ ಬಿಡುತ್ತದೆ. ಬೆಳ್ಳಿ ಬಣ್ಣದ ಫಿಲ್ಲಿಂಗಿನಲ್ಲಿ ಪಾದರಸ ಇದೆ. ಇವೆರಡನ್ನೂ ತೆಗೆಸಿದರೆ ದೇಹ ತನ್ನ ಮೇಲೆಯೇ ದಾಳಿ ಮಾಡುವ ಇಂಥ ಆಟೋಇಮ್ಯೂನ್ ಕಾಯಿಲೆ ತಾನಾಗಿ ಇಳಿಯುತ್ತದೆ. ದೊಡ್ಡ ಆಸ್ಪತ್ರೆಗಳು ಹೇಳುವುದಿಲ್ಲ, ಅಷ್ಟೇ.

ಮುಂಗೋಪಿ:
ಬಂತು ನೋಡಿ! ಇದು ಹೊಸ ರಹಸ್ಯವಲ್ಲ ಸ್ವಾಮಿ, ನೂರು ವರ್ಷ ಹಳೆಯ ಸರಕು. ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯ 1910ರಲ್ಲಿ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಬಾಯಿಯ ಕೀವೇ ಹಲವು ಕಾಯಿಲೆಗಳ ಬೇರು ಎಂದರು. ಶಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಅದನ್ನು ಸಂಧಿವಾತಕ್ಕೂ ಹಬ್ಬಿಸಿದರು. ಆಮೇಲೆ ನಡೆದದ್ದೇನು? ಸಾಲುಸಾಲಾಗಿ ಹಲ್ಲು ಕಿತ್ತರು, ಗಂಟಲಿನ ಟಾನ್ಸಿಲ್ ಕತ್ತರಿಸಿದರು. ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಹೆನ್ರಿ ಕಾಟನ್ ಎಂಬಾತ ಮಾನಸಿಕ ರೋಗಿಗಳ ಹಲ್ಲುಗಳನ್ನೂ ಕಿತ್ತ, ಅದಕ್ಕೂ ಬಗೆಹರಿಯದಿದ್ದರೆ ಕರುಳಿಗೆ ಕೈ ಹಾಕಿದ. ಎಷ್ಟೋ ಜನ ಸತ್ತರು. ಹಲ್ಲು ಹೋದರೂ ಕೀಲುನೋವು ಹಾಗೇ ಉಳಿಯಿತು. ವೈದ್ಯಲೋಕ ಆ ಸಿದ್ಧಾಂತವನ್ನು ಕೈಬಿಟ್ಟದ್ದು ಅದಕ್ಕೇ.

ಸೂಕ್ಷ್ಮದರ್ಶಿನಿ:
ಒಪ್ಪುತ್ತೇನೆ. ಆದರೆ ಆ ಅತಿರೇಕದಿಂದ ಇನ್ನೊಂದು ಅನಾಹುತವೂ ಆಯಿತು. ಬಾಯಿಗೂ ದೇಹದ ಇತರ ಕಾಯಿಲೆಗಳಿಗೂ ಸಂಬಂಧವಿದೆ ಎಂದರೆ ಸಾಕು, ದಶಕಗಳ ಕಾಲ ವೈದ್ಯರು ಮುಖ ತಿರುಗಿಸುತ್ತಿದ್ದರು. ಗಂಟುಬೆರಳು ಅವರ ಕೀಲುತಜ್ಞರ ನಗುವಿನಲ್ಲಿ ಅದರ ಪಳೆಯುಳಿಕೆ ಇದ್ದರೂ ಇರಬಹುದು.

ದಂತಪಂಕ್ತಿ:
ಹಸಿರುದಾರಿಯವರೇ, ನೀವು ಹೇಳಿದ್ದರಲ್ಲಿ ಒಂದು ಎಳೆ ನಿಜ. ಕೆಲವರಿಗೆ ಬೆಳ್ಳಿ ಫಿಲ್ಲಿಂಗ್ ತಾಗುವ ಕೆನ್ನೆಯ ಜಾಗದಲ್ಲೇ ಬಿಳಿ ಗೆರೆಗಳ ಗಾಯ ಕಾಣಿಸಿಕೊಳ್ಳುತ್ತದೆ, ಲೈಕೆನ್ ಪ್ಲೇನಸ್ ಎಂಬ ಚರ್ಮ ಮತ್ತು ಬಾಯಿಯ ಕಾಯಿಲೆಯಲ್ಲಿ ಬರುವಂತೆಯೇ. ಅಂಥ ಕಡೆ ಫಿಲ್ಲಿಂಗ್ ಬದಲಿಸಿದರೆ ಗಾಯ ಮಾಯುವುದುಂಟು. ಅದು ಆ ಜಾಗಕ್ಕೆ ಸೀಮಿತವಾದ ತೊಂದರೆ. ಲೂಪಸ್ (ದೇಹ ತನ್ನ ಹಲವು ಅಂಗಗಳ ಮೇಲೆ ದಾಳಿ ಮಾಡುವ ಕಾಯಿಲೆ) ಅಥವಾ ರುಮಟಾಯ್ಡ್ ವಾಸಿ ಮಾಡಲೆಂದು ಗಟ್ಟಿಯಾಗಿರುವ ಫಿಲ್ಲಿಂಗುಗಳನ್ನೆಲ್ಲ ಕೊರೆದು ತೆಗೆಸುವುದಕ್ಕೆ ಆಧಾರವಿಲ್ಲ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುತ್ತದೆ. ಐರೋಪ್ಯ ಒಕ್ಕೂಟ 2025ರಿಂದ ಅಮಾಲ್ಗಮ್ ಅಂದರೆ ಈ ಬೆಳ್ಳಿ ಫಿಲ್ಲಿಂಗನ್ನು ನಿಲ್ಲಿಸಿತಲ್ಲ ಎಂದು ಮುಂದೆ ಕೇಳುತ್ತೀರಿ. ಅದಕ್ಕೆ ಮುಖ್ಯ ಕಾರಣ ಪಾದರಸ ಪರಿಸರಕ್ಕೆ ಸೇರುವುದು.

ಹಸಿರುದಾರಿ:
ನನ್ನ ಅನುಭವ ನನಗೆ. ವಾದ ಬೇಡ.

ರಾತ್ರಿಪಾಳಿ:
ವಿಷಯಾಂತರಕ್ಕೆ ಕ್ಷಮೆಯಿರಲಿ. ಬಾಯಿ ತುಂಬ ಸಲಕರಣೆ ತುರುಕಿ ಆಮೇಲೆ "ಮಕ್ಕಳು ಎಷ್ಟನೇ ತರಗತಿ?" ಎಂದು ಕೇಳುವ ಪಾಠ ದಂತವೈದ್ಯಕೀಯದ ಯಾವ ವರ್ಷದಲ್ಲಿ ಬರುತ್ತದೆ?

ದಂತಪಂಕ್ತಿ:
ಮೊದಲ ವರ್ಷ. "ಆ... ಊ..." ಎಂಬ ಉತ್ತರವನ್ನು ಅರ್ಥ ಮಾಡಿಕೊಳ್ಳುವುದು ಕೊನೆಯ ವರ್ಷ.

ಬಿಳಿಗೆರೆ:
ಬಾಯಿ ಹುಣ್ಣಿನ ಬಗ್ಗೆ ಯಾರೂ ಬರೆಯಲಿಲ್ಲ. ನನ್ನ ಪತ್ನಿಗೆ ತಿಂಗಳುಗಟ್ಟಲೆ ವಸಡಿನ ಚರ್ಮ ಪದರಪದರವಾಗಿ ಏಳುತ್ತಿತ್ತು. ಬಿ ಕಾಂಪ್ಲೆಕ್ಸ್ ಮಾತ್ರೆ, ಮುಲಾಮು, ಹೊಸ ಟೂತ್‌ಪೇಸ್ಟ್, ಎಲ್ಲ ಆಯಿತು. ಕೊನೆಗೆ ಚರ್ಮರೋಗ ತಜ್ಞರು ಬಯಾಪ್ಸಿ ಮಾಡಿಸಿದಾಗ ಪೆಂಫಿಗಸ್ ಎಂದು ಗೊತ್ತಾಯಿತು. ಮೈಮೇಲೆ ಗುಳ್ಳೆ ಏಳುವುದಕ್ಕೆ ತಿಂಗಳುಗಳ ಮೊದಲೇ ಅದು ಬಾಯಲ್ಲಿ ಶುರುವಾಗುವುದು ಸಾಮಾನ್ಯವಂತೆ. ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿನ ಮೇಲೆಯೇ ದೇಹ ದಾಳಿ ಮಾಡುತ್ತದೆ. ಹಿಡಿತ ತಪ್ಪಿದ ಚರ್ಮ ಬೆರಳು ತಾಗಿದರೂ ಜಾರುತ್ತದೆ. ಎರಡು ವಾರ ದಾಟಿದರೂ ಮಾಯದ ಹುಣ್ಣನ್ನು ದಯವಿಟ್ಟು ತೋರಿಸಿ. ಹುಣ್ಣಿನ ನಟ್ಟನಡುವಿನಿಂದ ಚೂರು ತೆಗೆದರೆ ಏನೂ ತಿಳಿಯುವುದಿಲ್ಲ, ಪಕ್ಕದ ಗಾಯವಾಗದ ಚರ್ಮವೂ ಬೇಕು. ನಮ್ಮದು ಮೊದಲ ಸಲ ವ್ಯರ್ಥವಾದದ್ದು ಹಾಗೆಯೇ.

ಪುಟ್ಟಹೆಜ್ಜೆ:
ಲೂಪಸ್‌ನಲ್ಲೂ ಹುಣ್ಣು ಬರುತ್ತದಲ್ಲವೇ? ಅಕ್ಕನಿಗೆ ಅದರ ಅನುಮಾನವೂ ಇದೆ.

ಸೂಕ್ಷ್ಮದರ್ಶಿನಿ:
ಬರುತ್ತದೆ. ಹೆಚ್ಚಾಗಿ ಅಂಗುಳದ ಮೇಲೆ, ಎಷ್ಟೋ ಸಲ ನೋವೇ ಇಲ್ಲದೆ. ರೋಗಿಗೆ ಗೊತ್ತೇ ಇರುವುದಿಲ್ಲ, ದೀಪ ಹಾಕಿ ಮೇಲೆ ನೋಡಿದವರಿಗೆ ಮಾತ್ರ ಕಾಣುತ್ತದೆ. ಬೆಹ್ಚೆಟ್ ಕಾಯಿಲೆಯ ಹುಣ್ಣು ತದ್ವಿರುದ್ಧ, ಜೀವ ಹಿಂಡುವಷ್ಟು ನೋವು. ಮಕ್ಕಳ ಹೊಸ ಹಲ್ಲಿನ ಎನಾಮೆಲ್ ಎರಡೂ ಬದಿಯಲ್ಲಿ ಒಂದೇ ರೀತಿ ಗುಳಿಬಿದ್ದಂತೆ ಬಂದರೆ ಸೀಲಿಯಾಕ್ ಕಾಯಿಲೆಯನ್ನೂ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಹಾಳಾಗುವುದು) ಯೋಚಿಸಬೇಕು. ಅಲ್ಲಿ ಹೊಟ್ಟೆಯ ತೊಂದರೆ ಏನೂ ಇಲ್ಲದೆಯೂ ಹಲ್ಲು ಸುಳಿವು ಕೊಡಬಹುದು.

ಹಳೆಯಕಡತ:
ನಾನು ಔಷಧಾಲಯದಲ್ಲಿ ಕೂರುವವನು. ಬಾಯಿ ಹುಣ್ಣು ಎಂದರೆ ಎಲ್ಲರೂ ಕಾಯಿಲೆಯನ್ನೇ ದೂರುತ್ತಿದ್ದೀರಿ, ಮಾತ್ರೆಯನ್ನೂ ನೋಡಿ. ಮೆಥೊಟ್ರೆಕ್ಸೇಟ್ ಬಾಯಲ್ಲಿ ಹುಣ್ಣು ತರಬಲ್ಲದು. ಜೊತೆಗೆ ಫೋಲಿಕ್ ಆಮ್ಲ ಕೊಡುವುದು ಇಂಥ ತೊಂದರೆ ತಗ್ಗಲೆಂದೇ. ಹುಣ್ಣು ಒಮ್ಮೆಲೇ ಬಾಯಿ ತುಂಬ ಎದ್ದರೆ ಅದೇ ದಿನ ವೈದ್ಯರಿಗೆ ಹೇಳಿ, ರಕ್ತಪರೀಕ್ಷೆ ಆಗಬೇಕು. ವಾರಕ್ಕೊಮ್ಮೆಯ ಮಾತ್ರೆಯನ್ನು ದಿನವೂ ನುಂಗಿ ಪ್ರಾಣಕ್ಕೆ ಸಂಚಕಾರ ತಂದುಕೊಂಡವರಿದ್ದಾರೆ. ವಾರದ ಯಾವ ದಿನ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ, ಸೋಮವಾರವೋ ಶುಕ್ರವಾರವೋ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಟ್ರೈಮೆಥೊಪ್ರಿಮ್ ಇರುವ ಆಂಟಿಬಯೋಟಿಕ್ ಅಪಾಯಕಾರಿ ಎಂಬುದೂ ನೆನಪಿರಲಿ.

ಸ್ಟೀರಾಯ್ಡ್ ಬಹುಕಾಲ ತೆಗೆದುಕೊಂಡವರಿಗೆ ನಾಲಿಗೆಯ ಮೇಲೆ ಬಿಳಿ ಶಿಲೀಂಧ್ರ ಕೂರುತ್ತದೆ. ಸೈಕ್ಲೊಸ್ಪೊರಿನ್ ವಸಡನ್ನು ಊದಿಸಿ ಹಲ್ಲಿನ ಮೇಲೆ ಹತ್ತಿಸುತ್ತದೆ. ಸ್ಟೀರಾಯ್ಡಿನಿಂದ ಮೂಳೆ ಸವೆದೀತೆಂದು ಅಲೆಂಡ್ರೊನೇಟ್ ಅಥವಾ ಡೆನೊಸುಮ್ಯಾಬ್ ಕೊಟ್ಟಿದ್ದರೆ ಹಲ್ಲು ಕೀಳುವ ಮೊದಲು ದಂತವೈದ್ಯರಿಗೆ ಹೇಳಲೇಬೇಕು. ಅಪರೂಪಕ್ಕೆ ಕಿತ್ತ ಜಾಗ ಮಾಯದೆ ದವಡೆಯ ಮೂಳೆ ಸಾಯುತ್ತದೆ.

ಗಂಟುಬೆರಳು:
ನನಗೆ ಬೇಕಿದ್ದದ್ದು ಇದು. ಮೂಳೆಗೆಂದು ವಾರದ ಮಾತ್ರೆಯೊಂದು ನನಗೂ ಇದೆ. ದಂತವೈದ್ಯರು ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಕೀಳಿಸಲೇಬಾರದೇ ಹಾಗಾದರೆ?

ದಂತಪಂಕ್ತಿ:
ಹೆದರಬೇಡಿ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಅಪಾಯ ಬಹಳ ಕಡಿಮೆ, ಕ್ಯಾನ್ಸರ್ ರೋಗಿಗಳಿಗೆ ಕೊಡುವ ದೊಡ್ಡ ಪ್ರಮಾಣದಲ್ಲಿ ಹೆಚ್ಚು. ಎಷ್ಟು ಕಾಲದಿಂದ ನುಂಗುತ್ತಿದ್ದೀರಿ, ಸ್ಟೀರಾಯ್ಡ್ ಎಷ್ಟು ಎಂಬುದು ಲೆಕ್ಕಕ್ಕೆ ಬರುತ್ತದೆ. ಕೊಳೆತ ಹಲ್ಲನ್ನು ಬಾಯಲ್ಲಿ ಬಿಟ್ಟುಕೊಂಡು ಬಯಾಲಜಿಕ್ ಶುರು ಮಾಡುವುದು ಅದಕ್ಕಿಂತ ಕೆಟ್ಟದ್ದು. ಹಲ್ಲು ಕೀಳಲೆಂದು ಮೆಥೊಟ್ರೆಕ್ಸೇಟ್ ಅನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಚುಚ್ಚುಮದ್ದು ಇನ್ನೂ ಶುರುವಾಗಿಲ್ಲವಾದ್ದರಿಂದ ನಿಮಗೆ ಇದೇ ಅನುಕೂಲದ ಸಮಯ. ಕಿತ್ತ ಜಾಗ ಮಾಯಲಿ, ವಸಡಿನ ಆಳದಲ್ಲಿ ಹಲ್ಲಿಗೆ ಕಟ್ಟಿದ ಗಾರೆ ತೆಗೆಸಿ, ಆಮೇಲೆ ಚುಚ್ಚುಮದ್ದು. ನಿಮ್ಮ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಯಾವಾಗಿನಿಂದ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಇಬ್ಬರ ಮೇಜಿನ ಮೇಲೂ ಇಡಿ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. "ಈ ಹಲ್ಲು ಕೀಳಲು ನಿಮ್ಮ ಅಡ್ಡಿಯಿದೆಯೇ, ಚುಚ್ಚುಮದ್ದು ಎಷ್ಟು ದಿನ ಮುಂದೂಡಬಹುದು?" ಎಂದು ಲಿಖಿತವಾಗಿ ಕೇಳುವಂತೆ ದಂತವೈದ್ಯರಿಗೆ ಹೇಳಿ.

ರಾತ್ರಿಪಾಳಿ:
ಬೆರಳು ಮಡಚದವರು ಬ್ರಷ್ ಹಿಡಿಯುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ನನ್ನ ತಾಯಿಗೂ ಇದೇ ಕಾಯಿಲೆ. ವಸಡು ಹಾಳಾದದ್ದು ಬ್ಯಾಕ್ಟೀರಿಯಾದ ಜಾಣತನದಿಂದಲೋ, ಕೈ ಬಾರದೆ ಹಿಂದಿನ ಹಲ್ಲು ಉಜ್ಜದೆ ಬಿಟ್ಟದ್ದರಿಂದಲೋ ಎಂದು ನನಗೆ ಅನುಮಾನ. ಬ್ರಷ್ಷಿನ ಹಿಡಿಗೆ ಸೈಕಲ್ ಹ್ಯಾಂಡಲಿನ ರಬ್ಬರ್ ತೂರಿಸಿ ಕೊಟ್ಟೆವು, ಈಗ ಸಲೀಸು.

ಮುಂಗೋಪಿ:
ಈ ಚರ್ಚೆಯಲ್ಲಿ ನಾನು ತಕರಾರಿಲ್ಲದೆ ಒಪ್ಪುವ ಮೊದಲ ಮಾತು. ಕೀಲುರೋಗ ವಸಡನ್ನು ಕೆಡಿಸುವ ಸರಳ ದಾರಿ ಅದೇ.

ಒಣನಾಲಿಗೆ:
ಬ್ಯಾಟರಿ ಬ್ರಷ್ ಇನ್ನೂ ಸುಲಭ, ಹಿಡಿಯೂ ದಪ್ಪ. ಭಾರ ತಡೆಯುವುದಿಲ್ಲ ಎನ್ನುವವರು ಮೊಣಕೈಯನ್ನು ಬೇಸಿನ್ ಅಂಚಿಗೆ ಊರಿಕೊಳ್ಳಲಿ. ದಾರ ಸುತ್ತಿಕೊಳ್ಳಲು ಆಗದವರಿಗೆ ಹಲ್ಲುಸಂದಿಯ ಸಣ್ಣ ಬ್ರಷ್ ಇದೆ.

ಗಂಟುಬೆರಳು:
ಬೇರೊಬ್ಬ ದಂತವೈದ್ಯರ ಬಳಿ ಹೋಗಿ ಬಂದೆ. ಕಡ್ಡಿ ಇಳಿಸಿ ಅಳೆದರು. ಮುಂದೆಲ್ಲ ಎರಡು, ಮೂರು. ಹಿಂದಿನ ದವಡೆ ಹಲ್ಲುಗಳ ಬಳಿ ಐದು, ಆರು, ಒಂದು ಕಡೆ ಏಳು. ಆ ಏಳರ ಹಲ್ಲೇ ಅಲುಗುತ್ತಿರುವುದು. ಅದೊಂದನ್ನು ಕಿತ್ತು, ಉಳಿದ ಕಡೆ ಮರಗಟ್ಟಿಸಿ ಆಳಕ್ಕೆ ಸ್ವಚ್ಛ ಮಾಡುತ್ತಾರಂತೆ. ಮಾತ್ರೆಗಳ ಹಾಳೆ ಕೊಟ್ಟೆ, ಅವರೇ ಕೀಲುತಜ್ಞರಿಗೆ ಪತ್ರ ಬರೆದರು. ಕೀಲಿಗೆ ಇದರಿಂದ ಗುಣವಾಗುತ್ತದೆಯೇ ಎಂದು ಕೇಳಿದ್ದಕ್ಕೆ, "ವಸಡಿಗಂತೂ ಆಗುತ್ತದೆ, ಕೀಲಿನದ್ದು ಅವರನ್ನು ಕೇಳಿ" ಎಂದರು. ಬಾಯಿ ಪೂರ್ತಿ ತೆರೆಯುವಾಗ ಕಿವಿಯ ಮುಂದೆ ಕಟಕಟ ಎನ್ನುತ್ತದೆ, ಅದೂ ಇದೇ ಕಾಯಿಲೆಯೇ?

ದಂತಪಂಕ್ತಿ:
ಇರಬಹುದು, ದವಡೆಯದ್ದೂ ಕೀಲೇ ತಾನೇ. ಬರೀ ಸದ್ದು ಎಷ್ಟೋ ಜನರಿಗೆ ಇರುತ್ತದೆ. ಬೆಳಿಗ್ಗೆ ದವಡೆ ಬಿಗಿಯುವುದು, ಅಗಿಯುವಾಗ ನೋವು, ಬಾಯಿ ಮೊದಲಿನಷ್ಟು ತೆರೆಯದಿರುವುದು ಇದ್ದರೆ ಆ ಪತ್ರದಲ್ಲಿ ಇದನ್ನೂ ಸೇರಿಸಲು ಹೇಳಿ. ಹಲ್ಲು ಕೀಳುವ ದಿನ ಬಹಳ ಹೊತ್ತು ಬಾಯಿ ತೆರೆದಿಡಲಾಗದು ಎಂದು ಮೊದಲೇ ತಿಳಿಸಿದರೆ ಹಲ್ಲಿನ ನಡುವೆ ರಬ್ಬರ್ ಆಸರೆ ಇಟ್ಟು, ನಡುನಡುವೆ ಬಿಡುವು ಕೊಟ್ಟು ಮಾಡುತ್ತಾರೆ.

ರಾತ್ರಿಪಾಳಿ:
ಆ ಬಿಡುವಿನಲ್ಲಿ ಮಕ್ಕಳ ತರಗತಿ ಹೇಳಿಬಿಡಿ.